ಹುಲಿ ಎಷ್ಟು ಕೆಜಿ?

ಕಬಿನಿ ಹಿನ್ನೀರಿನ ದಂಡೆಯ ಮೇಲೆ ನಡೆದು ಬರುತ್ತಿರುವ ಗಂಡು ಹುಲಿಯ ಫೋಟೊವನ್ನು ನಾಲ್ಕು ಜನರ ಮುಂದಿಟ್ಟರೆ ಮೊದಲು ಬರುವುದು ‘ಅಬ್ಬಾ’ ಎಂಬ ಉದ್ಗಾರ. ಅದರ ಬೆನ್ನಿಗೇ ‘ಎಷ್ಟು ಕೆಜಿ ಇರಬಹುದು?’ ಎಂಬ ಪ್ರಶ್ನೆ. ಒಬ್ಬರು ಇನ್ನೂರು ಎನ್ನುತ್ತಾರೆ, ಇನ್ನೊಬ್ಬರು ಇನ್ನೂರೈವತ್ತು. ಕಾಡು ಸುತ್ತಿ ಬಂದ ಮೂರನೆಯವರು ಮುನ್ನೂರಕ್ಕೆ ಒಂದು ಕೆಜಿಯೂ ಕಡಿಮೆಯಿಲ್ಲ ಎಂದು ಅಡ್ಡಗೆರೆ ಎಳೆದಂತೆ ಹೇಳುತ್ತಾರೆ. ಫೋಟೊ ಒಂದೇ, ಹುಲಿಯೂ ಒಂದೇ. ಉತ್ತರಗಳ ನಡುವೆ ಮಾತ್ರ ನೂರು ಕೆಜಿ ಅಂತರ. ಆ ಅಂತರದೊಳಗೆ ಒಂದು ಇಡೀ ಗಂಡು ಚಿರತೆ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ.

ಇದನ್ನು ಕಾಲಹರಣದ ಪ್ರಶ್ನೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇಂದಿನ ಕ್ಯಾಮೆರಾ ಹುಲಿಯ ಮೀಸೆಯ ಒಂದೊಂದು ಕೂದಲನ್ನೂ, ಮೂಗಿನ ಮೇಲಿನ ಹಳೆಯ ಗಾಯದ ಗೆರೆಯನ್ನೂ, ಕಿವಿಯಂಚಿನಲ್ಲಿ ಕೂತ ನೊಣವನ್ನೂ ತೋರಿಸುತ್ತದೆ. ಇಷ್ಟೆಲ್ಲ ಕಂಡ ಮೇಲೂ ಆ ದೇಹದ ತೀರ ಸರಳ ಸಂಗತಿಯೊಂದು, ಅದರ ಭಾರ, ನಮ್ಮ ಕೈಗೆ ಸಿಗುವುದಿಲ್ಲ. ಇಷ್ಟು ಚೆನ್ನಾಗಿ ಕಂಡದ್ದು ತಿಳಿಯದೆ ಹೇಗೆ ಉಳಿಯುತ್ತದೆ? ಇನ್ನೊಂದು ಜೀವವನ್ನು ಕಣ್ಣಿನಿಂದ ಎಷ್ಟರಮಟ್ಟಿಗೆ ಅರಿಯಬಹುದು ಎಂಬ ದೊಡ್ಡ ಪ್ರಶ್ನೆ ಈ ಸಣ್ಣ ಪ್ರಶ್ನೆಯ ಬೆನ್ನಿಗಂಟಿಕೊಂಡೇ ಬರುತ್ತದೆ.

ನಿಜವಾಗಿ ತೂಗಿ ತಿಳಿದದ್ದನ್ನು ಮೊದಲು ಹೇಳುತ್ತೇನೆ. 1990ರ ದಶಕದ ಆರಂಭದಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ರೇಡಿಯೊ ಕಾಲರ್ ತೊಡಿಸಲು ಹಿಡಿದ ಹುಲಿಗಳಲ್ಲಿ ಗಂಡುಗಳು 209ರಿಂದ 227 ಕೆಜಿ ತೂಗಿದವು, ಹೆಣ್ಣೊಂದು 177 ಕೆಜಿ. ನೇಪಾಳದ ಚಿತವನದಲ್ಲಿ ಒಂದು ಭಾರಿ ಗಂಡು 261 ಕೆಜಿ ತೂಗಿದ ದಾಖಲೆಯಿದೆ. ನೂರು ವರ್ಷಗಳ ಹಿಂದೆ ಮಧ್ಯಪ್ರಾಂತದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಡನ್‌ಬಾರ್ ಬ್ರಾಂಡರ್ 42 ಗಂಡು ಹುಲಿಗಳನ್ನು ತೂಗಿ ಕೊಟ್ಟ ಸರಾಸರಿ 420 ಪೌಂಡ್, ಅಂದರೆ ಸುಮಾರು 190 ಕೆಜಿ. ಮುನ್ನೂರು ಕೆಜಿ ಎಂದು ನಾವು ಸಲೀಸಾಗಿ ಹೇಳುವ ಅಂಕಿ ತಕ್ಕಡಿಯ ಮುಂದೆ ಬಂದಾಗ ಬಹಳ ಅಪರೂಪದ್ದು.

ಇನ್ನೂ ಬೆರಗು ಹುಟ್ಟಿಸುವುದು ರಷ್ಯಾದ ಹುಲಿಯ ಕಥೆ. ಹುಲಿಗಳಲ್ಲೆಲ್ಲ ದೊಡ್ಡದು ಸೈಬೀರಿಯಾದ್ದು ಎಂದು ಶಾಲೆಯಲ್ಲಿ ಓದಿದವರು ನಾವು. ಹಿಮದ ಮೇಲೆ ನಿಂತ ಆ ಹುಲಿಯ ಫೋಟೊ ನೋಡಿದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಆದರೆ ಸಿಖೋಟೆ-ಅಲಿನ್ ಕಾಡುಗಳಲ್ಲಿ 1992ರಿಂದ ಅರಿವಳಿಕೆ ಕೊಟ್ಟು ಹಿಡಿದು ತೂಗಿದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಗಂಡುಗಳ ಸರಾಸರಿ 176.4 ಕೆಜಿ, ಹೆಣ್ಣುಗಳದ್ದು 117.9 ಕೆಜಿ. ನಾಗರಹೊಳೆಯ ಆ ಒಂದು ಹೆಣ್ಣು ರಷ್ಯಾದ ಕಾಡಿನ ಸರಾಸರಿ ಗಂಡಿನ ಸಮ ತೂಗಿತು. ಹಳೆಯ ಕಾಲದ ಸೈಬೀರಿಯಾದ ಹುಲಿಗಳು ಇವತ್ತಿನವಕ್ಕಿಂತ ಭಾರವಾಗಿದ್ದವು ಎಂಬುದಕ್ಕೆ ಅದೇ ಬರಹದಲ್ಲಿ ಆಧಾರವಿದೆ. ಆದರೆ ಇವತ್ತಿನ ಫೋಟೊದಲ್ಲಿ ನಮಗೆ ಕಾಣುವ ಆ ದೈತ್ಯ ಗಾತ್ರದ ದೊಡ್ಡ ಪಾಲು ಚಳಿಗಾಲದ ಉದ್ದ ತುಪ್ಪಳ. ಕಣ್ಣು ಕೂದಲನ್ನೂ ಮಾಂಸವನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತದೆ.

ಫೋಟೊ ಏನೇನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಬೇಸಿಗೆಯಲ್ಲಿ ಕಬಿನಿಯ ನೀರು ಹಿಂದೆ ಸರಿದು ಹಸಿ ಹುಲ್ಲಿನ ಬಯಲು ಬಿಚ್ಚಿಕೊಳ್ಳುತ್ತದೆ. ಅಲ್ಲಿ ನಡೆವ ಹುಲಿಯನ್ನು ನೂರಾರು ಅಡಿ ದೂರದ ಜೀಪಿನಿಂದ ಟೆಲಿ ಲೆನ್ಸ್ ಹಾಕಿ ತೆಗೆಯುತ್ತಾರೆ. ಚೌಕಟ್ಟಿನ ತುಂಬ ಹುಲಿಯೇ ಇರುತ್ತದೆ. ಪಕ್ಕದಲ್ಲಿ ಗಾತ್ರ ಗೊತ್ತಿರುವ ಯಾವುದೂ ಇರುವುದಿಲ್ಲ. ಹುಲ್ಲಿನ ಎತ್ತರ ನಮಗೆ ಗೊತ್ತಿಲ್ಲ, ಬಿದ್ದ ಮರದ ದಪ್ಪ ಗೊತ್ತಿಲ್ಲ. ಒಂದೂವರೆ ವರ್ಷದ ಮರಿಯನ್ನೂ ಎಂಟು ವರ್ಷದ ಗಂಡನ್ನೂ ಹೀಗೆ ಚೌಕಟ್ಟಿನ ತುಂಬ ನಿಲ್ಲಿಸಿದರೆ ಎರಡೂ ಒಂದೇ ಅಗಲದ ಚಿತ್ರಗಳು. ಆಗ ನಾವು ಆಸರೆ ಹುಡುಕುವುದು ದೇಹದ ಅನುಪಾತದಲ್ಲಿ: ತಲೆ ದಪ್ಪಗಿದೆಯೇ, ಕತ್ತು ಭುಜದೊಳಗೆ ಹುದುಗಿದೆಯೇ, ಮುಂಗಾಲು ಕಂಬದಂತಿದೆಯೇ? ಇವು ವಯಸ್ಸನ್ನೂ ಗಂಡು ಹೆಣ್ಣನ್ನೂ ಹೇಳಬಲ್ಲವು. ಕೆಜಿ ಹೇಳುವುದಿಲ್ಲ.

ಕಾಡಿನ ಜಾಡಿನಲ್ಲಿ ಕಟ್ಟುವ ಕ್ಯಾಮೆರಾ ಟ್ರ್ಯಾಪಿನ ಚಿತ್ರ ಬೇರೆ ರೀತಿಯಲ್ಲಿ ಮೋಸ ಮಾಡುತ್ತದೆ. ಅದನ್ನು ಮರಕ್ಕೆ ಮನುಷ್ಯನ ಮೊಣಕಾಲಿನ ಮಟ್ಟದಲ್ಲಿ ಬಿಗಿಯುತ್ತಾರೆ. ಕ್ಯಾಮೆರಾ ಹುಲಿಯ ಮಗ್ಗುಲನ್ನು ನೇರವಾಗಿ ನೋಡಬೇಕು, ಪಟ್ಟೆಗಳು ಸ್ಪಷ್ಟವಾಗಿ ಬರಬೇಕು ಎಂಬುದು ಉದ್ದೇಶ. ಹುಲಿ ನೆಟ್ಟಗೆ ಜಾಡಿನಲ್ಲೇ ಹಾದುಹೋದರೆ ಸರಿ. ಮೂತಿ ಚಾಚಿ ಕ್ಯಾಮೆರಾದತ್ತ ತಿರುಗಿತೋ, ತಲೆ ಎರಡು ಮೀಟರ್ ದೂರದಲ್ಲಿ, ಸೊಂಟ ಮೂರೂವರೆ ಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳಿ. ಚಿತ್ರದಲ್ಲಿ ಸೊಂಟಕ್ಕೆ ಹೋಲಿಸಿದರೆ ತಲೆ ಮುಕ್ಕಾಲು ಪಾಲು ಹೆಚ್ಚು ದೊಡ್ಡದಾಗಿ ಮೂಡುತ್ತದೆ. ಹಾಗೆ ತೆಗೆದ ಚಿತ್ರದಲ್ಲಿ ಯಾವ ಹುಲಿಯೂ ರಾಕ್ಷಸನೇ. ಕ್ಯಾಮೆರಾ ತಪ್ಪು ಮಾಡಿಲ್ಲ. ಹತ್ತಿರದ್ದನ್ನು ದೊಡ್ಡದಾಗಿ, ದೂರದ್ದನ್ನು ಚಿಕ್ಕದಾಗಿ ತೋರಿಸುವುದೇ ಅದರ ಧರ್ಮ. ನಾವು ಆ ಧರ್ಮವನ್ನು ಮರೆತು ಚಿತ್ರವನ್ನು ಓದುತ್ತೇವೆ.

ಇಷ್ಟಾದರೂ ಪಟ್ಟು ಹಿಡಿದು ಅಳೆಯಬಹುದು. ಹುಲಿ ಹೋದ ಮೇಲೆ ಅದೇ ಜಾಗದಲ್ಲಿ, ಅದೇ ಕ್ಯಾಮೆರಾದ ಮುಂದೆ ಅಳತೆಗೋಲು ನಿಲ್ಲಿಸಿ ಇನ್ನೊಂದು ಫೋಟೊ ತೆಗೆದು ಎರಡನ್ನೂ ಹೋಲಿಸಿದರೆ ಭುಜದ ಎತ್ತರ ಸುಮಾರಾಗಿ ಸಿಗುತ್ತದೆ. ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ. ಉದ್ದ ಒಂದು ದಿಕ್ಕಿನದು, ಭಾರ ಮೂರೂ ದಿಕ್ಕಿನದು. ದೇಹ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಬೆಳೆದರೆ ಭಾರ ಉದ್ದದ ಘನದಷ್ಟು ಏರುತ್ತದೆ ಎಂಬುದನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ವಿವರಿಸಿದ್ದ. ಇನ್ನೂರು ಕೆಜಿಯ ಹುಲಿಯ ಉದ್ದವನ್ನು ಚಿತ್ರದಲ್ಲಿ ಶೇ 5ರಷ್ಟು ಹೆಚ್ಚಾಗಿ ಓದಿದಿರಿ ಎನ್ನಿ. ಅಂದರೆ ಮೂತಿಯಿಂದ ಬಾಲದ ಬುಡದವರೆಗೆ ಅರ್ಧ ಗೇಣಿಗೂ ಕಡಿಮೆ ತಪ್ಪು. ಲೆಕ್ಕ 231 ಕೆಜಿಗೆ ಏರುತ್ತದೆ. ಅಷ್ಟೇ ತಪ್ಪು ಕೆಳಮುಖವಾಗಿ ಆದರೆ 171ಕ್ಕೆ ಇಳಿಯುತ್ತದೆ. ಶೇ 10ರ ತಪ್ಪಾದರೆ 266. ಅರ್ಧ ಗೇಣಿನ ಅನುಮಾನದೊಳಗೆ ಅರವತ್ತು ಕೆಜಿ ಅಡಗಿ ಕೂತಿರುತ್ತದೆ. ಹುಲ್ಲಿನ ಮರೆಯಲ್ಲಿ ಪಂಜ ಎಲ್ಲಿ ನೆಲ ಮುಟ್ಟಿದೆ ಎಂಬುದೇ ಕಾಣದ ಚಿತ್ರದಲ್ಲಿ ಅರ್ಧ ಗೇಣಿನ ನಿಖರತೆಯನ್ನು ಯಾರು ತಂದಾರು?

ಇದೆಲ್ಲ ಹುಲಿ ಒಂದೇ ತೂಕದಲ್ಲಿ ನಿಂತಿರುತ್ತದೆ ಎಂದುಕೊಂಡು ಮಾಡಿದ ಲೆಕ್ಕ. ಅದು ನಿಂತಿರುವುದಿಲ್ಲ. ದೊಡ್ಡ ಗಂಡು ಹುಲಿ ಕಡವೆಯನ್ನೋ ಕಾಟಿಯನ್ನೋ ಕೆಡವಿದ ರಾತ್ರಿ ಮೂವತ್ತು ಕೆಜಿಗೂ ಹೆಚ್ಚು ಮಾಂಸ ತಿನ್ನಬಲ್ಲದು. ಆಮೇಲೆ ದಿನಗಟ್ಟಲೆ ಏನೂ ಸಿಗದೆ ಅಲೆಯಲೂಬಹುದು. ಸೋಮವಾರದ ಹುಲಿ ಬೇರೆ, ಶುಕ್ರವಾರದ ಹುಲಿ ಬೇರೆ. ಹೊಟ್ಟೆಯ ಕೆಳಗೆ ಜೋತಾಡುವ ಸಡಿಲ ಚರ್ಮ ಖಾಲಿ ಹೊಟ್ಟೆಯಲ್ಲೂ ಇರುತ್ತದೆ, ತುಂಬಿದ ಹೊಟ್ಟೆಯಲ್ಲೂ ಇರುತ್ತದೆ. ಹೊಂಚು ಹಾಕುವಾಗ ದೇಹ ನೆಲಕ್ಕಂಟಿ ಭುಜದ ಮೂಳೆಗಳು ಬೆನ್ನಿಗಿಂತ ಮೇಲೆ ಏಳುತ್ತವೆ. ಅದೇ ಹುಲಿ ನೀರಿನಿಂದ ಮೇಲೆ ಬಂದಾಗ ಕೂದಲು ಮೈಗಂಟಿ ಬಡಕಲಾಗಿ ಕಾಣುತ್ತದೆ.

ಕಬಿನಿಯ ಕರಿ ಚಿರತೆಯನ್ನು ಇಲ್ಲಿ ನೆನೆಯಬೇಕು. ಪ್ರಪಂಚದಾದ್ಯಂತ ಹೆಸರಾದ ಅದರ ಚಿತ್ರಗಳನ್ನು ನೋಡಿದವರು ಅದು ಬಾಕಿ ಚಿರತೆಗಳಿಗಿಂತ ತೆಳ್ಳಗೆ ಎಂದೋ, ದಪ್ಪ ಎಂದೋ ಖಚಿತವಾಗಿ ಹೇಳುವುದನ್ನು ಕೇಳಿದ್ದೇನೆ. ಮೈಯ ಉಬ್ಬು ತಗ್ಗುಗಳನ್ನು ಕಣ್ಣು ತಿಳಿಯುವುದು ನೆರಳು ಬೆಳಕಿನಿಂದ, ಚುಕ್ಕೆಗಳು ಬಾಗಿ ಹಿಗ್ಗಿ ಕುಗ್ಗುವುದರಿಂದ. ಕರಿ ಮೈಯಲ್ಲಿ ಚುಕ್ಕೆ ಮುಚ್ಚಿಹೋಗುತ್ತದೆ, ನೆರಳು ಮೈಯೊಳಗೇ ಕರಗುತ್ತದೆ. ಉಳಿಯುವುದು ಅಂಚಿನ ಗೆರೆ ಮತ್ತು ಎರಡು ಕಣ್ಣು. ಭಾರ ಕಾಣುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ಆದರೂ ಅಂದಾಜು ನಿಲ್ಲುವುದಿಲ್ಲ.

ಹಾಗಾದರೆ ಫೋಟೊ ಏನೂ ಹೇಳುವುದಿಲ್ಲವೇ? ಅದು ಹೇಳುವುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡ ಮಗ್ಗುಲಿನ ಪಟ್ಟೆಯೂ ಬಲ ಮಗ್ಗುಲಿನದೂ ಬೇರೆ ಬೇರೆ. ಅದಕ್ಕಾಗಿಯೇ ಜಾಡಿನ ಎರಡೂ ಬದಿಗೆ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟುತ್ತಾರೆ. ಮರಿಯಾಗಿದ್ದಾಗ ಇದ್ದ ಪಟ್ಟೆ ಮುದಿಯಾದರೂ ಅದೇ. ನಾಗರಹೊಳೆಯ ಜಾಡುಗಳಲ್ಲಿ ಕಾರಂತರು ಹೀಗೆ ಚಿತ್ರ ಹಿಡಿದು, ಮತ್ತೆ ಮತ್ತೆ ಸಿಕ್ಕ ಹುಲಿಗಳೆಷ್ಟು, ಹೊಸದಾಗಿ ಸಿಕ್ಕವೆಷ್ಟು ಎಂಬ ಲೆಕ್ಕದಿಂದ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ದಾರಿಯನ್ನು 1990ರ ದಶಕದಲ್ಲಿ ಕಟ್ಟಿದರು. ಅದೂ ಅಂದಾಜೇ. ಆದರೆ ತನ್ನ ತಪ್ಪು ಎಷ್ಟಿರಬಹುದು ಎಂಬುದನ್ನು ತಾನೇ ಹೇಳಿಕೊಳ್ಳುವ ಅಂದಾಜು.

2009ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಹುಲಿಯ ಚಿತ್ರವನ್ನು ಕಂಪ್ಯೂಟರಿನೊಳಗಿನ ಮೂರು ಆಯಾಮದ ಹುಲಿಯೊಂದರ ಮೈಮೇಲೆ ಹೊದಿಸಿ, ಓರೆ ಬಾಗುಗಳನ್ನು ನೇರ ಮಾಡಿ ಪಟ್ಟೆ ಹೋಲಿಸುವ ವಿಧಾನ ಬಂತು. ಅದರಿಂದ ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ ಚರ್ಮವನ್ನು ಹಿಂದೆ ಜೀವಂತವಿದ್ದಾಗ ತೆಗೆದ ಚಿತ್ರದೊಂದಿಗೆ ತಾಳೆ ನೋಡಿ, ಇದು ಇಂಥ ಕಾಡಿನ ಇಂಥ ಹುಲಿ ಎಂದು ಹೇಳಬಹುದಾಯಿತು. ಅಂದರೆ ಹುಲಿ ಸತ್ತು, ಮಾಂಸ ಮೂಳೆ ಎಲ್ಲ ಹೋಗಿ, ಒಣಚರ್ಮ ಮಡಿಕೆಯಾಗಿ ಗೋಣಿಚೀಲ ಸೇರಿದ ಮೇಲೂ ಅದು ಯಾರು ಎಂಬುದನ್ನು ಫೋಟೊ ಹೇಳಬಲ್ಲದು. ಬದುಕಿ ಎದುರಿಗೆ ನಿಂತಾಗ ಎಷ್ಟು ಭಾರ ಎಂಬುದನ್ನು ಹೇಳಲಾರದು. ಯಾರು ಎಂಬ ಪ್ರಶ್ನೆಯೂ ಎಷ್ಟು ಎಂಬ ಪ್ರಶ್ನೆಯೂ ಒಂದೇ ಬಾಗಿಲಿನಿಂದ ಒಳಗೆ ಹೋಗುವುದಿಲ್ಲ ಎಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಎಷ್ಟು ಎಂಬ ಪ್ರಶ್ನೆ ನಮಗೆ ಎಲ್ಲಿಂದ ಬಂತು? ಅದರ ಊರು ಬೇಟೆ. ಸತ್ತ ಹುಲಿಯ ಪಕ್ಕ ಕೋವಿ ಹಿಡಿದು ನಿಂತವನ ದೊಡ್ಡತನ ಹುಲಿಯ ದೊಡ್ಡತನದಿಂದಲೇ ಬರಬೇಕಿತ್ತು. ಅಳತೆಯಲ್ಲಿ ಎರಡು ಪಂಥಗಳೂ ಇದ್ದವು. ಮೂಗಿನ ಬಳಿ ಒಂದು ಗೂಟ, ಬಾಲದ ತುದಿಗೆ ಒಂದು ಗೂಟ ನೆಟ್ಟು ನಡುವಿನ ದೂರ ಅಳೆಯುವುದು ಒಂದು. ಟೇಪನ್ನು ತಲೆಯಿಂದ ಬೆನ್ನಿನ ಉಬ್ಬು ತಗ್ಗುಗಳ ಮೇಲೆಲ್ಲ ಹಾಯಿಸಿ ಅಳೆಯುವುದು ಇನ್ನೊಂದು. ಎರಡನೆಯದರಲ್ಲಿ ಹುಲಿ ಕೆಲವು ಅಂಗುಲ ಬೆಳೆಯುತ್ತಿತ್ತು. ಜಿಮ್ ಕಾರ್ಬೆಟ್ 1930ರಲ್ಲಿ ಹೊಡೆದ, ಪೋವಲ್‌ಗಢದ ಬ್ರಹ್ಮಚಾರಿ ಎಂದು ಹೆಸರಾದ ಹುಲಿ ಹೀಗೆ ಬಾಗಿನ ಮೇಲೆ ಅಳೆದಾಗ 10 ಅಡಿ 7 ಅಂಗುಲ. ತಲೆಮಾರುಗಳ ಓದುಗರು ಅದರ ತೂಕವನ್ನು ಊಹಿಸುತ್ತಲೇ ಬಂದಿದ್ದಾರೆ. ಕಾರ್ಬೆಟ್ ಕೊಟ್ಟದ್ದು ಮಾತ್ರ ಟೇಪಿನ ಅಳತೆ. ಅಮೆರಿಕದ ಡೇವಿಡ್ ಹಾಸಿಂಗರ್ 1967ರಲ್ಲಿ ಉತ್ತರ ಪ್ರದೇಶದಲ್ಲಿ ಹೊಡೆದು, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದ ಹುಲಿಯ ತೂಕ 857 ಪೌಂಡ್, ಅಂದರೆ 388 ಕೆಜಿಗೂ ಹೆಚ್ಚು ಎಂದು ದಾಖಲಾಗಿದೆ. ಹುಲಿಯ ತೂಕದ ಮಾತು ಬಂದಾಗಲೆಲ್ಲ ಈ ಒಂದು ಅಂಕಿ ಮುಂದೆ ಬಂದು ನಿಲ್ಲುತ್ತದೆ, ಮೇಲೆ ಹೇಳಿದ 42 ಹುಲಿಗಳ ಸರಾಸರಿ ಹಿಂದೆ ಸರಿಯುತ್ತದೆ. ಅತಿ ದೊಡ್ಡದನ್ನೇ ಮಾದರಿ ಎಂದುಕೊಂಡ ಕಣ್ಣು ಎಲ್ಲ ಹುಲಿಯನ್ನೂ ಅದರ ಕಡೆಗೇ ಎಳೆಯುತ್ತದೆ.

ಕೀನ್ಯಾದ ತ್ಸಾವೊದಲ್ಲಿ 1898ರಲ್ಲಿ ರೈಲು ದಾರಿ ಹಾಕುತ್ತಿದ್ದ ಕೂಲಿಗಳನ್ನು ತಿಂದ ಎರಡು ಸಿಂಹಗಳದ್ದೂ ನೆನಪಿಡಬೇಕಾದ ಕಥೆ. ಅಲ್ಲಿ ಸತ್ತವರಲ್ಲಿ ಭಾರತದಿಂದ ಹೋದ ಕೂಲಿಗಳು ಹಲವರು. ಸಿಂಹಗಳನ್ನು ಹೊಡೆದ ಪ್ಯಾಟರ್ಸನ್ ಮೊದಲನೆಯದರ ಭಾರವನ್ನು ತಿಳಿಸಿದ್ದು, ಅದನ್ನು ಹೊರಲು ಎಂಟು ಜನ ಬೇಕಾದರು ಎಂದು. ಉದ್ದ 9 ಅಡಿ 8 ಅಂಗುಲ. ಆ ಚರ್ಮಗಳು ಕಾಲು ಶತಮಾನ ಅವರ ಮನೆಯ ನೆಲಹಾಸಾಗಿದ್ದು, 1924ರಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂಗೆ ಮಾರಾಟವಾದವು. ನೆಲಹಾಸಿಗೆಂದು ಅಂಚು ಕತ್ತರಿಸಿದ್ದರಿಂದ ಅಲ್ಲಿ ತುಂಬಿ ನಿಲ್ಲಿಸಿದ ಸಿಂಹಗಳು ನಿಜಕ್ಕಿಂತ ಚಿಕ್ಕವು. ಗಾಜಿನ ಈಚೆ ನಿಂತು, ಸಾಕ್ಷಾತ್ ಅದೇ ಚರ್ಮವನ್ನು ಕಣ್ಣಾರೆ ನೋಡುವವರಿಗೂ ಸಿಂಹ ಎಷ್ಟಿತ್ತು ಎಂಬುದು ಕಾಣುವುದಿಲ್ಲ.

ಹಾಗೆಂದು ಮನುಷ್ಯನ ಕಣ್ಣು ತೂಗಲಾರದು ಎಂದು ನಾನು ಹೇಳುತ್ತಿಲ್ಲ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಮೇಳದಲ್ಲಿ ಎತ್ತೊಂದನ್ನು ನಿಲ್ಲಿಸಿ, ಕಡಿದು ಹಸನು ಮಾಡಿದ ಮೇಲೆ ಅದು ಎಷ್ಟು ತೂಗೀತು ಎಂದು ಜನರಿಂದ ಚೀಟಿ ಬರೆಸಿದರು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 787 ಚೀಟಿಗಳನ್ನು ಜೋಡಿಸಿ ನಡುವಿನದನ್ನು ಎತ್ತಿ ನೋಡಿದರೆ 1207 ಪೌಂಡ್. ತಕ್ಕಡಿ ಹೇಳಿದ್ದು 1198. ಶೇ 1ಕ್ಕಿಂತ ಕಡಿಮೆ ತಪ್ಪು. ಗುಂಪಿನ ಜಾಣತನಕ್ಕೆ ಉದಾಹರಣೆಯಾಗಿ ಇದನ್ನು ಎಲ್ಲೆಡೆ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆ ಚೀಟಿ ಬರೆದವರಲ್ಲಿ ಬಹಳಷ್ಟು ಜನ ಕಸಾಯಿಗಳು, ರೈತರು. ಜೀವಮಾನವಿಡೀ ಊಹಿಸಿ, ಆಮೇಲೆ ತೂಗಿ, ತಮ್ಮ ಊಹೆ ಎಷ್ಟು ತಪ್ಪಿತು ಎಂದು ಕಂಡುಕೊಂಡವರು. ನಮ್ಮ ಕುರಿ ಸಂತೆಯಲ್ಲಿ ನೋಡಿ: ಕೊಳ್ಳುವವನು ಕುರಿಯ ಸೊಂಟದ ಮೇಲೆ ಬೆರಳೂರಿ ಒತ್ತುತ್ತಾನೆ, ಎದೆಯ ಕೆಳಗೆ ಕೈ ಕೊಟ್ಟು ಮುಂಗಾಲು ನೆಲ ಬಿಡುವಷ್ಟು ಎತ್ತುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ. ತಪ್ಪಿದರೆ ಸಂಜೆಯೊಳಗೆ ನಷ್ಟ ಗೊತ್ತಾಗುತ್ತದೆ. ಅವನ ಕಣ್ಣಿಗೆ ಭಾರ ಕಾಣುವುದು ಅವನ ಕೈ ಸಾವಿರ ಸಲ ಎತ್ತಿದ್ದರಿಂದ.

ಹುಲಿಯ ಫೋಟೊ ನೋಡಿ ತೂಕ ಹೇಳುವವರಿಗೆ ಆ ಸಂಜೆ ಬರುವುದೇ ಇಲ್ಲ. ಮುನ್ನೂರು ಎಂದವರನ್ನು ಯಾವ ತಕ್ಕಡಿಯೂ ತಿದ್ದುವುದಿಲ್ಲ. ತಿದ್ದಿಸಿಕೊಳ್ಳದ ಊಹೆ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ, ಅನುಭವ ಎಂಬ ಹೆಸರು ಪಡೆಯುತ್ತದೆ. ಇದು ಹುಲಿಗೆ ಮಾತ್ರ ಸೇರಿದ ಸಂಗತಿಯಲ್ಲ. ನಾವು ದೂರದಿಂದ ನೋಡಿ, ಒಮ್ಮೆಯೂ ತೂಗದೆ ಖಚಿತವಾಗಿ ನಂಬಿರುವ ಮನುಷ್ಯರು, ಜಾತಿಗಳು, ಊರುಗಳು ಎಷ್ಟಿಲ್ಲ?

ನಿಜವಾಗಿ ಊಹಿಸಲೇಬೇಕಾದವರೊಬ್ಬರು ಇದ್ದಾರೆ. ಬಂಡೀಪುರ, ನಾಗರಹೊಳೆಯ ಕಾಡಂಚಿನ ಊರಿಗೆ ಹುಲಿ ಬಂದು ದನ ಹಿಡಿದಾಗ, ಮನುಷ್ಯರ ಮೇಲೆ ಬಿದ್ದಾಗ ಕೂಂಬಿಂಗ್ ಶುರುವಾಗುತ್ತದೆ. ಅಭಿಮನ್ಯುವಿನಂಥ ಸಾಕಾನೆಗಳು ಬರುತ್ತವೆ, ಆನೆಯ ಮೇಲೆ ಮಾವುತನ ಹಿಂದೆ ಅರಿವಳಿಕೆ ಬಂದೂಕು ಹಿಡಿದ ಪಶುವೈದ್ಯರು. ಡಾರ್ಟಿನೊಳಗೆ ಕೆಟಮಿನ್, ಜೈಲಜಿನ್ ತುಂಬಬೇಕು. ಆ ಮದ್ದಿನ ಪ್ರಮಾಣ ಹುಲಿಯ ತೂಕದ ಮೇಲೆ ನಿಂತಿದೆ. ಲಂಟಾನದ ಪೊದೆಯ ನಡುವೆ ಒಂದು ಕಿವಿ, ಅರ್ಧ ಭುಜ, ಬಾಲದ ತುದಿ ಕಾಣುತ್ತದೆ. ತುಂಬಿದ ಡಾರ್ಟನ್ನು ಹಾರಿಸಿದ ಮೇಲೆ ಬದಲಿಸುವಂತಿಲ್ಲ. ಕಡಿಮೆಯಾದರೆ ಅರೆ ಮಂಪರಿನ ಹುಲಿ ಗುಂಪಿನ ನಡುವೆ ನುಗ್ಗಬಹುದು. ಹೆಚ್ಚಾದರೆ ಉಸಿರು ಕುಗ್ಗುತ್ತದೆ. ಹೊಟ್ಟೆ ತುಂಬಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯ ಬೇರೆ. ಅವರು ಫೋಟೊ ನೋಡಿ ಕೆಜಿ ಹೇಳುವುದಿಲ್ಲ. ಗಂಡೋ ಹೆಣ್ಣೋ, ಬೆಳೆದದ್ದೋ ಎಳೆಯದೋ, ಸೊರಗಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಆಮೇಲೆ ಈ ಭಾಗದ ಕಾಡಿನಲ್ಲಿ ಅಂಥ ಹುಲಿ ಹಿಂದೆ ತೂಗಿದ್ದೆಷ್ಟು ಎಂಬ ನೆನಪಿನ ಮೇಲೆ ನಿಲ್ಲುತ್ತಾರೆ. ಇಷ್ಟು ಹೆಚ್ಚು ಕಡಿಮೆ ಆದರೂ ಜೀವಕ್ಕೆ ಅಪಾಯವಿಲ್ಲ ಎಂಬ ಅವಕಾಶವನ್ನು ಮದ್ದಿನಲ್ಲೇ ಉಳಿಸಿಕೊಳ್ಳುತ್ತಾರೆ. ತನ್ನ ಅಂದಾಜಿಗೆ ಇನ್ನೊಂದು ಜೀವ ಬೆಲೆ ತೆರಬೇಕಾದೀತು ಎಂದು ತಿಳಿದವರ ಅಂದಾಜಿನಲ್ಲಿ ವಿನಯ ತಾನಾಗಿ ಬರುತ್ತದೆ. ಆ ವಿನಯಕ್ಕೆ ನಾನು ತಲೆಬಾಗುತ್ತೇನೆ.

ಮದ್ದು ಏರಿ ಹುಲಿ ಮಲಗಿದ ಮೇಲೆ ನಡೆಯುವುದನ್ನು ಹತ್ತಿರದಿಂದ ಊಹಿಸಿಕೊಳ್ಳಿ. ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ. ಅದಕ್ಕೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಾರೆ. ನಾಲಿಗೆ ಬಾಯಿಯ ಬದಿಗೆ ಜಾರಿರುತ್ತದೆ. ಮೈ ಕಾಯದಂತೆ ನೀರು ಹನಿಸುತ್ತಾರೆ. ನಾಲ್ಕು ಕಡೆಯಿಂದ ಹಿಡಿದು ಬಲೆಯ ಮೇಲೆ ಹೊರಳಿಸಿ, ಬಲೆಯನ್ನು ಗಳುವಿಗೆ ಕಟ್ಟಿ, ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎತ್ತುತ್ತಾರೆ. ನಾಲ್ಕು ಪಂಜಗಳೂ ನೆಲ ಬಿಡುತ್ತವೆ. ಮುಳ್ಳು ನಿಂತ ಜಾಗದ ಅಂಕಿಯಿಂದ ಬಲೆಯ ತೂಕ ಕಳೆದು ಬರೆದುಕೊಳ್ಳುತ್ತಾರೆ. ಆ ಅಂಕಿ ನಿಜ. ಅದು ಸಿಕ್ಕ ಗಳಿಗೆಯಲ್ಲಿ ಹುಲಿ ಓಡಲಾರದು, ಗರ್ಜಿಸಲಾರದು, ನಮ್ಮನ್ನು ನೋಡಲಾರದು. ಹುಲಿಯನ್ನು ಹುಲಿಯನ್ನಾಗಿ ಮಾಡಿರುವ ಎಲ್ಲವನ್ನೂ ಅಷ್ಟು ಹೊತ್ತು ತೆಗೆದಿಟ್ಟ ಮೇಲೆ ಅದರ ಭಾರ ತಿಳಿಯಿತು.

ಅದೇ ಅಭಿಮನ್ಯುವಿನ ತೂಕ ಮೈಸೂರಿಗೆಲ್ಲ ಗೊತ್ತು. ದಸರೆಗೆ ಬಂದ ಆನೆಗಳು ಲಾರಿ ತೂಗುವ ಕಾಟಾದ ಮೇಲೆ ಒಂದೊಂದಾಗಿ ಹೋಗಿ ನಿಲ್ಲುತ್ತವೆ, ಮರುದಿನ ಪತ್ರಿಕೆಗಳಲ್ಲಿ ಅಂಕಿ ಅಚ್ಚಾಗುತ್ತದೆ. 2024ರಲ್ಲಿ ಅಭಿಮನ್ಯು 5,560 ಕೆಜಿ. ಹುಲಿಗಿಂತ ಇಪ್ಪತ್ತೈದು ಪಟ್ಟು ಭಾರದ ಪ್ರಾಣಿಯನ್ನು ತೂಗಲು ಮದ್ದೂ ಬೇಡ, ಬಲೆಯೂ ಬೇಡ. ಮಾವುತ ಹೇಳುತ್ತಾನೆ, ಆನೆ ನಮ್ಮ ನೆಲದ ಮೇಲೆ ಕಾಲಿಡುತ್ತದೆ. ಒಂದು ಜೀವದ ಭಾರ ತಿಳಿಯಲು ಇರುವುದು ಈ ಎರಡೇ ದಾರಿ ಎಂದು ನನಗನ್ನಿಸುತ್ತದೆ: ಅದು ನಂಬಿ ನಮ್ಮ ನೆಲಕ್ಕೆ ಬರಬೇಕು, ಇಲ್ಲವೇ ನಾವು ಅದನ್ನು ಅದರ ನೆಲದಿಂದ ಎತ್ತಬೇಕು. ಕಾಡಿನ ಹುಲಿ ನಂಬಿ ಬರುವುದಿಲ್ಲ, ಬರಲೂಬಾರದು. ತೂಕ ತಿಳಿಯದಿರುವುದು ಅದರ ಸ್ವಾತಂತ್ರ್ಯದ ಒಂದು ಭಾಗ.

ನಾಳೆ ಯಂತ್ರಗಳು ಇದನ್ನು ಬಿಡಿಸಬಹುದು, ನಾನು ಅದಕ್ಕೆ ವಿರೋಧಿಯಲ್ಲ. ಅರ್ಜೆಂಟೀನಾದ ವಾಲ್ಡೆಸ್ ದ್ವೀಪಕಲ್ಪದ ತೀರದಲ್ಲಿ ರೈಟ್ ತಿಮಿಂಗಿಲಗಳನ್ನು ಡ್ರೋನಿನಿಂದ ಚಿತ್ರಿಸಿ, ಉದ್ದ, ಅಗಲ, ದಪ್ಪ ಮೂರನ್ನೂ ಅಳೆದು ಅವುಗಳ ಭಾರ ಲೆಕ್ಕ ಹಾಕಿದ ಅಧ್ಯಯನ 2019ರಲ್ಲಿ ಬಂತು. ಡ್ರೋನಿನ ಎತ್ತರ ಗೊತ್ತಿತ್ತು, ನೀರು ತಿಳಿಯಾಗಿತ್ತು, ತಿಮಿಂಗಿಲ ಹೊರಳಿದಾಗ ಮಗ್ಗುಲೂ ಕಂಡಿತು. ಆದರೂ ಗಾತ್ರವನ್ನು ಭಾರಕ್ಕೆ ತಿರುಗಿಸಲು ಅವರಿಗೆ ಆಸರೆಯಾದದ್ದು ಹಿಂದೆ ಮನುಷ್ಯರು ಹಿಡಿದು ತೂಗಿದ್ದ ಅದೇ ಬಳಗದ ತಿಮಿಂಗಿಲಗಳ ದಾಖಲೆ. ಚಿತ್ರದಿಂದ ತೂಗಬೇಕಾದರೂ ಯಾರೋ ಎಂದೋ ಕೈಯಿಂದ ತೂಗಿರಬೇಕು. ಆ ಸಂಶೋಧಕರಿಗೆ ತೂಕ ಬೇಕಾದದ್ದು ತಾಯಿ ತಿಮಿಂಗಿಲ ಸೊರಗುತ್ತಿದೆಯೇ, ಮರಿ ಬೆಳೆಯುತ್ತಿದೆಯೇ ಎಂದು ತಿಳಿಯಲು. ಪ್ರಶ್ನೆ ಅಲ್ಲಿ ಬೇಟೆಯ ಊರು ಬಿಟ್ಟು ಬಂದಿದೆ.

ಹುಲಿಯ ಫೋಟೊವನ್ನೂ ನಾವು ಹಾಗೆ ಕೇಳಬಹುದು. ಅದು ಉತ್ತರ ಕೊಡುತ್ತದೆ. ಪಕ್ಕೆಲುಬು ಎಣಿಸುವಂತಿದೆಯೇ? ಸೊಂಟದ ಮೂಳೆ ಚರ್ಮವನ್ನು ಒಳಗಿನಿಂದ ಒತ್ತುತ್ತಿದೆಯೇ? ಬಾಲದ ಬುಡದ ಎರಡೂ ಬದಿ ಗುಳಿ ಬಿದ್ದಿದೆಯೇ? ಮುಂಗಾಲಿನಲ್ಲಿ ಮುಳ್ಳುಹಂದಿಯ ಮುಳ್ಳು ಮುರಿದು ಕೂತಿದೆಯೇ? ಆಕಳಿಸಿದಾಗ ಕೋರೆಹಲ್ಲು ಪೂರ್ತಿ ಇದೆಯೇ? ಕೋರೆ ಮುರಿದ, ತನ್ನ ಸೀಮೆ ಕಳೆದುಕೊಂಡ ಮುದಿ ಗಂಡು ಊರಿನ ದನಗಳತ್ತ ಬರುವ ಮೊದಲೇ ಇಂಥ ಒಂದು ಚಿತ್ರದಲ್ಲಿ ಅದರ ಅವಸ್ಥೆ ಬರೆದಿಟ್ಟಂತೆ ಇರುತ್ತದೆ. ಕನ್ನಡದ ಮಕ್ಕಳೆಲ್ಲ ಮೊದಲು ಪರಿಚಯ ಮಾಡಿಕೊಳ್ಳುವ ಹುಲಿ ಗೋವಿನ ಹಾಡಿನ ಅರ್ಬುತ. ಅದು ಎಷ್ಟು ದೊಡ್ಡದು ಎಂದು ನಾವ್ಯಾರೂ ಕೇಳಲಿಲ್ಲ. ಅದು ಹಸಿದಿತ್ತು ಎಂಬುದು ನಮಗೆ ಗೊತ್ತು, ಕಥೆ ನಡೆಯುವುದು ಆ ಹಸಿವಿನಿಂದ. ಎಷ್ಟು ಭಾರ ಎಂಬುದಕ್ಕಿಂತ ಹೇಗಿದೆ ಎಂಬುದು ದೊಡ್ಡ ಪ್ರಶ್ನೆ, ಮನುಷ್ಯರ ವಿಷಯದಲ್ಲಿ ಕೂಡ.

ಕಬಿನಿಗೋ ಬಂಡೀಪುರಕ್ಕೋ ಭದ್ರಾಕ್ಕೋ ಹೋಗಿ ಅದೃಷ್ಟ ಕೂಡಿಬಂದು ಹುಲಿಯ ಚಿತ್ರ ತಂದವರಲ್ಲಿ ನನ್ನದೊಂದು ಕೋರಿಕೆ. ಚಿತ್ರದ ಕೆಳಗೆ ದಿನಾಂಕ ಬರೆಯಿರಿ, ಕಾಡಿನ ಹೆಸರು ಬರೆಯಿರಿ. ಎಡ ಮಗ್ಗುಲೋ ಬಲ ಮಗ್ಗುಲೋ ತಿಳಿಸಿ, ಪಟ್ಟೆ ಕಾಣುವಂತೆ ಇಡೀ ಚಿತ್ರ ಇಡಿ. ಕುಂಟುತ್ತಿತ್ತೇ, ಸೊರಗಿತ್ತೇ, ಜೊತೆಗೆ ಮರಿಗಳಿದ್ದವೇ ಎಂಬುದನ್ನು ಸೇರಿಸಿ. ಗಾಯ ಕಂಡಿದ್ದರೆ ಅಂದೇ ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಕೆಜಿ ಮಾತ್ರ ಬರೆಯಬೇಡಿ.